ಆಮದು ಸರಕಿನ ದೋಷ: ತಕರಾರು ತಿಳಿಸಲು ಇರುವ ಕಾಲಾವಕಾಶ

ವಿದೇಶದಿಂದ ತರಿಸಿದ ಸರಕಿನಲ್ಲಿ ದೋಷ ಕಂಡುಬಂದರೆ ಖರೀದಿದಾರನು ಅದನ್ನು ಮಾರಾಟಗಾರನಿಗೆ ಯಾವಾಗ ಮತ್ತು ಹೇಗೆ ತಿಳಿಸಬೇಕು ಎಂಬ ವಿಷಯದಲ್ಲಿ ನಮ್ಮ ಕಾನೂನಿಗೂ ಅಂತರರಾಷ್ಟ್ರೀಯ ನಿಯಮಕ್ಕೂ ಮಹತ್ವದ ವ್ಯತ್ಯಾಸವಿದೆ.

1930ರ ಸರಕು ಮಾರಾಟ ಅಧಿನಿಯಮದ 42ನೆಯ ಕಲಮಿನ ಪ್ರಕಾರ, ತಿರಸ್ಕರಿಸಿರುವುದಾಗಿ ತಿಳಿಸದೆ ಸಮಂಜಸ ಕಾಲ ಮೀರಿ ಸರಕನ್ನು ಇಟ್ಟುಕೊಂಡವನು ಅದನ್ನು ಸ್ವೀಕರಿಸಿದಂತೆಯೇ ಸರಿ. ಆಗ ಸರಕನ್ನು ತಿರಸ್ಕರಿಸುವ ಹಕ್ಕು ಸಾಮಾನ್ಯವಾಗಿ ಹೋಗುತ್ತದೆ; ನಷ್ಟಪರಿಹಾರ ಕೇಳುವ ಹಕ್ಕು ಉಳಿಯುತ್ತದೆ. 1980ರಲ್ಲಿ ವಿಯೆನ್ನಾದಲ್ಲಿ ಅಂಗೀಕೃತವಾಗಿ 1988ರ ಜನವರಿ 1ರಿಂದ ಜಾರಿಯಲ್ಲಿರುವ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಸರಕು ಮಾರಾಟ ಒಡಂಬಡಿಕೆ ಇಷ್ಟು ಉದಾರವಾಗಿಲ್ಲ. ದೋಷ ಕಂಡ, ಅಥವಾ ಕಾಣಬೇಕಾಗಿದ್ದ, ದಿನದಿಂದ ಸಮಂಜಸ ಅವಧಿಯೊಳಗೆ ದೋಷದ ಸ್ವರೂಪವನ್ನು ವಿವರಿಸಿ ತಿಳಿಸದಿದ್ದರೆ, ಅದರ 39ನೆಯ ಅನುಚ್ಛೇದದಂತೆ ಖರೀದಿದಾರನ ಹಕ್ಕೇ ನಷ್ಟವಾಗುತ್ತದೆ. ಬೆಲೆ ಕಡಿತವೂ ಇಲ್ಲ, ಪರಿಹಾರವೂ ಇಲ್ಲ. ತಿಳಿಸದಿರಲು ಸಕಾರಣವಿದ್ದರೆ ಮಾತ್ರ 44ನೆಯ ಅನುಚ್ಛೇದ ಬೆಲೆ ಕಡಿತಕ್ಕೆ, ಇಲ್ಲವೇ ಲಾಭನಷ್ಟವನ್ನು ಹೊರತುಪಡಿಸಿದ ಪರಿಹಾರಕ್ಕೆ ಅವಕಾಶ ಕೊಡುತ್ತದೆ.

ಭಾರತ ಈ ಒಡಂಬಡಿಕೆಗೆ ಸೇರಿಲ್ಲವಲ್ಲ ಎಂಬ ಸಮಾಧಾನ ಸಾಲದು. ಜರ್ಮನಿಯ ಯಂತ್ರ ಮಾರಾಟಗಾರನ ಮುದ್ರಿತ ಷರತ್ತಿನಲ್ಲಿ ‘ಜರ್ಮನ್ ಕಾನೂನು ಅನ್ವಯ’ ಎಂದಿದ್ದು, ಒಡಂಬಡಿಕೆಯನ್ನು ಕೈಬಿಟ್ಟಿರುವುದಾಗಿ ಹೇಳಿರದಿದ್ದರೆ, ಸಾಮಾನ್ಯವಾಗಿ ಈ ಒಡಂಬಡಿಕೆಯೇ ಅನ್ವಯವಾಗುತ್ತದೆ.

‘ಸಮಂಜಸ ಅವಧಿ’ ಎಷ್ಟು? ಸ್ವಿಸ್ ಮಾರಾಟಗಾರನೊಬ್ಬನು ಜರ್ಮನಿಯ ಖರೀದಿದಾರನಿಗೆ ನ್ಯೂಜಿಲೆಂಡಿನ 1,750 ಕಿಲೋ ಮಸೆಲ್ ಎಂಬ ಚಿಪ್ಪುಜೀವಿಗಳನ್ನು ಒದಗಿಸಿದ್ದ ಪ್ರಕರಣವನ್ನು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 1995ರ ಮಾರ್ಚ್ 8ರಂದು ತೀರ್ಮಾನಿಸಿತು. ಸರಕು ಬಂದದ್ದು 1992ರ ಜನವರಿಯಲ್ಲಿ; ಪ್ಯಾಕಿಂಗಿನ ತಕರಾರು ಹೋದದ್ದು ಮಾರ್ಚ್ ಆರಂಭದಲ್ಲಿ. ಬಹಳ ಉದಾರವಾಗಿ ಸುಮಾರು ಒಂದು ತಿಂಗಳು ಎಂದು ಲೆಕ್ಕ ಹಿಡಿದರೂ ಅದು ತಡವಾಯಿತೆಂದು ನ್ಯಾಯಾಲಯ ಹೇಳಿತು. ಆಸ್ಟ್ರಿಯಾದ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ, ವಿಶೇಷ ಸಂದರ್ಭವಿಲ್ಲದಿದ್ದರೆ ಪರೀಕ್ಷೆಗೂ ತಿಳಿವಳಿಕೆಗೂ ಸೇರಿ ಸುಮಾರು 14 ದಿನ ಎಂದಿತು. ಬೇಗ ಕೆಡುವ ಸರಕಿಗೆ ಇನ್ನೂ ಕಡಿಮೆ. ಗುಪ್ತ ದೋಷಕ್ಕೂ, ಒಪ್ಪಂದದ ಗ್ಯಾರಂಟಿ ಬೇರೆಯಿಲ್ಲದಿದ್ದರೆ, ಸರಕು ಕೈಸೇರಿದ ದಿನದಿಂದ ಎರಡು ವರ್ಷವೇ ಕಡೆಯ ಗಡಿ.

‘ಮಾಲು ಚೆನ್ನಾಗಿಲ್ಲ’ ಎಂದು ಬರೆದರೂ ಸಾಲದು. ‘ತಯಾರಿಕೆಯಲ್ಲೂ ಅಳತೆಯಲ್ಲೂ ದೋಷವಿದೆ’ ಎಂದಷ್ಟೇ ಬರೆದ ಉಡುಪಿನ ಖರೀದಿದಾರನಿಗೆ 1989ರಲ್ಲಿ ಮ್ಯೂನಿಕ್ ನ್ಯಾಯಾಲಯ ಪುರಸ್ಕಾರ ನೀಡಲಿಲ್ಲ. ಬ್ಯಾಚ್ ಸಂಖ್ಯೆ, ಪ್ರಮಾಣ, ದೋಷದ ವಿವರ, ಛಾಯಾಚಿತ್ರ ಇವು ಪತ್ರದೊಂದಿಗೆ ಇರಬೇಕು. ವರ್ಷಾಂತ್ಯದಲ್ಲಿ ಲೆಕ್ಕಪತ್ರ ವಿಭಾಗ ಕಳುಹಿಸುವ ಡೆಬಿಟ್ ನೋಟನ್ನೇ ತಕರಾರೆಂದು ನಂಬುವುದು ನಮ್ಮಲ್ಲಿ ಬೇರೂರಿದ ಅಪಾಯಕರ ರೂಢಿ. ಲೆಟರ್ ಆಫ್ ಕ್ರೆಡಿಟ್ ವ್ಯವಹಾರದಲ್ಲಿ ಬ್ಯಾಂಕು ದಾಖಲೆ ನೋಡಿ ಹಣ ಕೊಡುತ್ತದೆಯೇ ಹೊರತು ಸರಕು ನೋಡಿ ಅಲ್ಲ. ಹಾಗಾಗಿ ಪೆಟ್ಟಿಗೆ ತೆರೆಯುವ ವೇಳೆಗೆ ಹಣ ಆಗಲೇ ಹೋಗಿರುವುದುಂಟು. ಖರೀದಿದಾರನ ಕೈಯಲ್ಲಿ ಉಳಿಯುವುದು ಈ ತಕರಾರಿನ ಹಕ್ಕು ಮಾತ್ರ.

ಯೋಗ್ಯ ಮಾರ್ಗದಲ್ಲಿ ಕಳುಹಿಸಿದ ಪತ್ರ ದಾರಿಯಲ್ಲಿ ತಡವಾದರೂ 27ನೆಯ ಅನುಚ್ಛೇದದಂತೆ ಹಕ್ಕು ಹೋಗದು. ಆದರೆ ಕಳುಹಿಸಿದ್ದಕ್ಕೆ ಪುರಾವೆ ಬೇಕು. ದೋಷವನ್ನು ಅರಿತೂ ಮರೆಮಾಚಿದ ಮಾರಾಟಗಾರನಿಗೆ ತಡವಾಯಿತೆಂಬ ವಾದ 40ನೆಯ ಅನುಚ್ಛೇದದಂತೆ ದಕ್ಕುವುದಿಲ್ಲ. ಇವೆಲ್ಲಕ್ಕಿಂತ, ಆರ್ಡರ್ ಕೊಡುವಾಗಲೇ ತಪಾಸಣೆಗೆ ಇಂತಿಷ್ಟು ದಿನ ಎಂದು ಬರೆಸಿಕೊಳ್ಳುವುದು ಸುಲಭ. ಒಡಂಬಡಿಕೆಯ ನಿಯಮಗಳನ್ನು ಮಾರ್ಪಡಿಸಲು ಅಥವಾ ಪೂರ್ತಿ ಕೈಬಿಡಲು 6ನೆಯ ಅನುಚ್ಛೇದವೇ ಉಭಯ ಪಕ್ಷಗಳಿಗೆ ಸ್ವಾತಂತ್ರ್ಯ ಕೊಟ್ಟಿದೆ.