ಲ್ಯಾಪ್‌ಟಾಪ್ ಚಾರ್ಜರ್ ಬದಲಾವಣೆ: ಸುರಕ್ಷತೆ ಮತ್ತು ಲೆಕ್ಕಾಚಾರ

ಬಿಲ್ಲಿಂಗ್, ದಾಸ್ತಾನು ಲೆಕ್ಕ, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ವ್ಯವಹಾರ ಮುಂತಾದ ಕೆಲಸಗಳಿಗೆ ಅನೇಕ ಸಣ್ಣ ಉದ್ದಿಮೆಗಳು ಇಂದು ಒಂದೇ ಲ್ಯಾಪ್‌ಟಾಪನ್ನು ಅವಲಂಬಿಸಿವೆ. ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸಲು 20ನೇ ತಾರೀಖು ಕಡೆಯ ದಿನ. ಅದರ ಹಿಂದಿನ ದಿನ ಚಾರ್ಜರ್ ಕೆಟ್ಟರೆ, ಕೈಗೆ ಸಿಕ್ಕಿದ ಅಗ್ಗದ ಚಾರ್ಜರನ್ನು ತಂದು ಜೋಡಿಸುವುದು ಸಾಮಾನ್ಯ. ವಿಳಂಬವಾದರೆ ತೆರಬೇಕಾದುದು ದಿನಕ್ಕೆ 50 ರೂ. ಶುಲ್ಕ ಹಾಗೂ ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ಹೊಂದದ ಚಾರ್ಜರಿನಿಂದ ಲ್ಯಾಪ್‌ಟಾಪೇ ಸುಟ್ಟರೆ ಆಗುವ ನಷ್ಟ ಇದಕ್ಕಿಂತ ಬಹಳ ದೊಡ್ಡದು. ಆದ್ದರಿಂದ ಈ ಸಣ್ಣ ಖರೀದಿಗೂ ಒಂದು ಕ್ರಮ ಅಗತ್ಯ.

ಮೊದಲು ದೋಷದ ಪತ್ತೆ

ಬ್ಯಾಟರಿಯಲ್ಲಿ ಉಳಿದಿರುವ ಶಕ್ತಿಯನ್ನು ಲೆಕ್ಕದ ದತ್ತಾಂಶವನ್ನು ಪೆನ್‌ಡ್ರೈವಿಗೆ ನಕಲು ಮಾಡಲು ಮೊದಲು ಬಳಸತಕ್ಕದ್ದು. ಅನಂತರ ಗೋಡೆಯ ಸಾಕೆಟ್ಟನ್ನು ಬೇರೊಂದು ಉಪಕರಣದಿಂದ ಪರೀಕ್ಷಿಸಬೇಕು. ಅನೇಕ ವೇಳೆ ಕೆಟ್ಟಿರುವುದು ಅಡಾಪ್ಟರ್ ಅಲ್ಲ, ಸಾಕೆಟ್ಟಿನಿಂದ ಅದಕ್ಕೆ ಬರುವ ಬಿಡಿ ವೈರು ಮಾತ್ರ. ಅದನ್ನಷ್ಟೇ ಬದಲಾಯಿಸಿದರೆ ಸಾಕು. ಸುಟ್ಟ ವಾಸನೆ, ಬಿರಿದ ಕವಚ ಅಥವಾ ಹೊರಬಂದ ತಂತಿ ಕಂಡುಬಂದರೆ ಟೇಪು ಸುತ್ತಿ ಬಳಸುವುದು ಅಪಾಯ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ಅಡಾಪ್ಟರನ್ನು ಬಿಚ್ಚಲೇಬಾರದು. ಬ್ಯಾಟರಿ ಉಬ್ಬಿದ್ದರೆ ಯಾವ ಚಾರ್ಜರನ್ನೂ ಜೋಡಿಸದೆ ಸೇವಾ ಕೇಂದ್ರಕ್ಕೆ ಒಯ್ಯುವುದೇ ಸರಿ.

ಲೇಬಲ್ಲಿನ ಅಂಕಿಗಳು

ಹಳೆಯ ಅಡಾಪ್ಟರಿನ ಲೇಬಲ್ಲಿನಲ್ಲಿ ‘ಔಟ್‌ಪುಟ್’ ಎಂಬ ಸಾಲನ್ನು ಗಮನಿಸಬೇಕು. ಉದಾಹರಣೆಗೆ, 19.5 ವೋಲ್ಟ್, 3.34 ಆಂಪಿಯರ್, ಇವುಗಳ ಗುಣಲಬ್ಧವೇ ಸುಮಾರು 65 ವ್ಯಾಟ್.

1. ವೋಲ್ಟೇಜ್ ಹಳೆಯದಕ್ಕೆ ಸಮನಾಗಿರಬೇಕು.

2. ಆಂಪಿಯರ್ ಸಮನಾಗಿರಬೇಕು ಅಥವಾ ಹೆಚ್ಚಿರಬೇಕು. ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಸೆಳೆಯುವುದರಿಂದ ಹೆಚ್ಚಿದ್ದರೆ ಬಾಧಕವಿಲ್ಲ. ಕಡಿಮೆಯಿದ್ದರೆ ಚಾರ್ಜರ್ ಅತಿಯಾಗಿ ಬಿಸಿಯಾಗಬಹುದು.

3. ಪಿನ್ನಿನ ಅಳತೆ ಹಾಗೂ ಧನ-ಋಣ ಧ್ರುವಗಳ ಚಿಹ್ನೆ ತಾಳೆಯಾಗಬೇಕು. ಕೆಲವು ಕಂಪನಿಗಳ ಲ್ಯಾಪ್‌ಟಾಪುಗಳು ನಡುವಿನ ಸಣ್ಣ ಪಿನ್ನಿನ ಮೂಲಕ ಚಾರ್ಜರನ್ನು ಗುರುತಿಸುತ್ತವೆ. ಗುರುತು ಸಿಗದಿದ್ದರೆ ಬ್ಯಾಟರಿ ಚಾರ್ಜ್ ಆಗದಿರಬಹುದು.

ಟೈಪ್-ಸಿ ಮಾದರಿಯ ಪವರ್ ಡೆಲಿವರಿ ಚಾರ್ಜರುಗಳಲ್ಲಿ ವೋಲ್ಟೇಜನ್ನು ಎರಡು ಉಪಕರಣಗಳೇ ಪರಸ್ಪರ ನಿರ್ಧರಿಸಿಕೊಳ್ಳುತ್ತವೆ. ಅಲ್ಲಿ ವ್ಯಾಟ್ ಪ್ರಮಾಣ ಮುಖ್ಯ. 60 ವ್ಯಾಟ್ ಮೀರಿದರೆ 5 ಆಂಪಿಯರ್ ಸಾಮರ್ಥ್ಯದ ಕೇಬಲ್ ಬೇಕಾಗುತ್ತದೆ.

ಬಿಐಎಸ್ ಗುರುತು

ಕಂಪ್ಯೂಟರ್ ಅಡಾಪ್ಟರುಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ವ್ಯಾಪ್ತಿಗೆ ಬಂದಿವೆ. ಲೇಬಲ್ಲಿನ ಮೇಲೆ ಮಾನಕ ಚಿಹ್ನೆಯೊಂದಿಗೆ ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆಯನ್ನು ನಮೂದಿಸಿ ತಯಾರಕರ ಹೆಸರನ್ನು ಅಂಗಡಿಯಲ್ಲಿಯೇ ತಾಳೆ ನೋಡಬಹುದು.

ಬಿಲ್ಲು ಏಕೆ?

ಬಿಲ್ಲಿಲ್ಲದ ಚಾರ್ಜರಿಗೆ 700 ರೂ., ಬಿಲ್ಲಿನೊಂದಿಗೆ ಕೊಳ್ಳುವ ನೋಂದಾಯಿತ ಸರಕಿಗೆ 1,800 ರೂ. ಮತ್ತು ಶೇ. 18ರ ಜಿಎಸ್‌ಟಿ 324 ರೂ., ಒಟ್ಟು 2,124 ರೂ. ಎಂದು ಭಾವಿಸಬಹುದು. ಖರೀದಿದಾರರ ಜಿಎಸ್‌ಟಿ ಸಂಖ್ಯೆ ಬಿಲ್ಲಿನಲ್ಲಿದ್ದು, ವ್ಯವಹಾರವು ಜಿಎಸ್‌ಟಿಆರ್-2ಬಿಯಲ್ಲಿ ಕಂಡುಬಂದು, ಇತರ ಷರತ್ತುಗಳೂ ಪೂರೈಸಿದರೆ 324 ರೂ. ಹೂಡುವಳಿ ತೆರಿಗೆಯಾಗಿ ಹಿಂದಕ್ಕೆ ದೊರೆಯುತ್ತದೆ. ಕಾಂಪೋಸಿಷನ್ ಯೋಜನೆಯವರಿಗೆ ಈ ಸೌಲಭ್ಯವಿಲ್ಲ. ತೆರಿಗೆ ಹಿಂದಕ್ಕೆ ದೊರೆತಾಗ ಉಳಿಯುವ ವ್ಯತ್ಯಾಸ 1,100 ರೂ. ಮಾತ್ರ. ಅದಕ್ಕೆ ಪ್ರತಿಯಾಗಿ ವಾರಂಟಿ, ಖರ್ಚಿನ ಪುರಾವೆ ಹಾಗೂ ಯಂತ್ರದ ಸುರಕ್ಷತೆ ಲಭಿಸುತ್ತವೆ.

ಕೆಟ್ಟ ಚಾರ್ಜರಿಗೆ ಬದಲಾಗಿ ತಂದದ್ದು ಹೊಸ ಆಸ್ತಿಯಲ್ಲ. 1,800 ರೂ.ಗಳನ್ನು ಕಂಪ್ಯೂಟರ್ ದುರಸ್ತಿ ಖಾತೆಗೂ, ತೆರಿಗೆಯನ್ನು ಹೂಡುವಳಿ ತೆರಿಗೆ ಖಾತೆಗೂ ಖರ್ಚು ಹಾಕುವುದು ಸರಿಯಾದ ಕ್ರಮ. ಕೂಡು ತೆರಿಗೆ ಪಡೆದ ಮೇಲೆ ಅದನ್ನೇ ಮತ್ತೆ ವೆಚ್ಚವೆಂದು ತೋರಿಸುವಂತಿಲ್ಲ.

ಹಳೆಯ ಚಾರ್ಜರನ್ನು ಕಸದ ಬುಟ್ಟಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಒಪ್ಪಿಸುವುದು ಸೂಕ್ತ. ಅದಕ್ಕೂ ಮುನ್ನ ಲೇಬಲ್ಲಿನ ಅಂಕಿಗಳನ್ನು ಬರೆದು ಲ್ಯಾಪ್‌ಟಾಪಿನ ಬಿಲ್ಲಿನೊಂದಿಗೆ ಕಡತದಲ್ಲಿಟ್ಟರೆ, ಮುಂದಿನ ಸಲ ಆತುರಕ್ಕೆ ಎಡೆಯಿರುವುದಿಲ್ಲ.