ಹವ್ಯಾಸಿಯ ಪದಕವೂ ಹೆವಿವೇಟ್ ಕಿರೀಟವೂ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಕನ್ನಡ ಮಕ್ಕಳಲ್ಲಿ ಅನೇಕರು ಮಗ್ಗದ ಮನೆಗಳಿಂದಲೂ ಬನಿಯನ್ ಕಂಪನಿಗಳ ಕೆಲಸಗಾರರ ಮನೆಗಳಿಂದಲೂ ಬಂದವರು. ಅಂತಹ ಮನೆಯ ಹುಡುಗನೊಬ್ಬನು ಜಿಲ್ಲಾಮಟ್ಟದ ಆಯ್ಕೆಯಲ್ಲಿ ಸೋತು ಬಂದನೆಂದರೆ, 'ಆಟ ಸಾಕು, ಕೆಲಸಕ್ಕೆ ಹೋಗು' ಎಂಬ ಮಾತು ಅಂದೇ ಕೇಳಿಬರುತ್ತದೆ. ಗೆದ್ದು ಬಂದವನನ್ನಾದರೋ ನಾಳಿನ ಜಗಜ್ಜೆಟ್ಟಿಯೆಂದೇ ಎಣಿಸುತ್ತೇವೆ. ಎಳವೆಯ ಗೆಲವು ಮುಂದಿನ ಗೆಲವಿಗೆ ನಿಜವಾಗಿಯೂ ಮುನ್ಸೂಚನೆಯೆ? ಇದನ್ನು ಪರಿಶೀಲಿಸುವುದಕ್ಕೆ ಮುಷ್ಟಿಯುದ್ಧದ, ಎಂದರೆ ಬಾಕ್ಸಿಂಗಿನ, ಚರಿತ್ರೆಯಷ್ಟು ಅನುಕೂಲವಾದುದು ಬೇರೊಂದಿಲ್ಲವೆಂದು ನಮಗೆ ತೋರುತ್ತದೆ. ಹವ್ಯಾಸಿಗಳಿಗೆ ಅಲ್ಲಿನ ಪರಮ ಗೌರವ ಒಲಿಂಪಿಕ್ ಚಿನ್ನದ ಪದಕ. ಹಣಕ್ಕಾಗಿ ಹೋರುವ ವೃತ್ತಿಪರರಿಗೆ ಹೆವಿವೇಟ್, ಅಂದರೆ ಅತಿ ಭಾರದವರ ವರ್ಗದ, ವಿಶ್ವಪ್ರಶಸ್ತಿ. ಮೊದಲನೆಯದನ್ನು ಪಡೆದವನು ಎರಡನೆಯದನ್ನೂ ಪಡೆದನೇ ಎಂದು ನೋಡಿದರಾಯಿತು.

ಹೌದು ಎನ್ನಿಸುವ ಹೆಸರುಗಳು ಒಡನೆಯೇ ನೆನಪಿಗೆ ಬರುತ್ತವೆ. 1960ರಲ್ಲಿ ರೋಮಿನಲ್ಲಿ ಚಿನ್ನ ಗೆದ್ದ ಕ್ಯಾಸಿಯಸ್ ಕ್ಲೇ 1964ರಲ್ಲಿ ವಿಶ್ವಪ್ರಶಸ್ತಿಯನ್ನು ಪಡೆದು ಮಹಮ್ಮದ್ ಅಲಿಯಾದನು. 1968ರಲ್ಲಿ ಗೆದ್ದ ಜಾರ್ಜ್ ಫೋರ್‌ಮನ್ 1973ರಲ್ಲಿ ಕಿರೀಟ ಧರಿಸಿದನು. 1988ರ ಲೆನಾಕ್ಸ್ ಲೂಯಿಸ್, 1996ರ ವ್ಲಾದಿಮಿರ್ ಕ್ಲಿಚ್ಕೊ ಇವರೂ ಅದೇ ದಾರಿಯವರು. ಇಷ್ಟನ್ನೇ ನೋಡಿದವರು ಪ್ರಶ್ನೆ ಮುಗಿಯಿತೆಂದುಕೊಳ್ಳುವರು.

ಆದರೆ 1952ರ ಹೆಲ್ಸಿಂಕಿ ಒಲಿಂಪಿಕ್ಕನ್ನು ತೆಗೆದುಕೊಳ್ಳೋಣ. ಹೆವಿವೇಟ್ ವರ್ಗದ ಅಂತಿಮ ಪಂದ್ಯದಲ್ಲಿ ಅಮೆರಿಕದ ಎಡ್ ಸ್ಯಾಂಡರ್ಸನಿಗೆ ಎದುರಾದವನು ಸ್ವೀಡನ್ನಿನ ಇಂಗೆಮಾರ್ ಜೋಹಾನ್ಸನ್. ಈತನು ಹೋರಾಡುವ ಪ್ರಯತ್ನವನ್ನೇ ಮಾಡಲಿಲ್ಲವೆಂದು ತೀರ್ಪುಗಾರನು ಎರಡನೆಯ ಸುತ್ತಿನಲ್ಲಿಯೇ ಅವನನ್ನು ಹೊರಗೆ ಹಾಕಿದನು. ಬೆಳ್ಳಿಯ ಪದಕವನ್ನೂ ಕೊಡಲಿಲ್ಲ. ಅದು ಅವನ ಕೈಸೇರಿದ್ದು ಮೂವತ್ತು ವರ್ಷಗಳ ಅನಂತರ, 1982ರಲ್ಲಿ. ಅದೇ ಕೂಟದಲ್ಲಿ ಮಿಡ್ಲ್‌ವೇಟ್ ವರ್ಗದ ಚಿನ್ನವನ್ನು ಫ್ಲಾಯ್ಡ್ ಪ್ಯಾಟರ್‌ಸನ್ ಎಂಬ ತರುಣನು ಗೆದ್ದನು. ಈ ಮೂವರಲ್ಲಿ ಮುಂದಿನ ಜಗಜ್ಜೆಟ್ಟಿ ಯಾರೆಂದು ಅಂದು ಕೇಳಿದ್ದರೆ ಸ್ಯಾಂಡರ್ಸನೆಂದೇ ಎಲ್ಲರೂ ಹೇಳುತ್ತಿದ್ದರೇನೋ. ಆದುದೇನು? ಸ್ಯಾಂಡರ್ಸನು ವೃತ್ತಿಪರನಾಗಿ, 1954ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಪಂದ್ಯವೊಂದರಲ್ಲಿ ಕುಸಿದುಬಿದ್ದು ಪ್ರಾಣವನ್ನೇ ಕಳೆದುಕೊಂಡನು. ಪ್ಯಾಟರ್‌ಸನ್ 1956ರಲ್ಲಿ ಹೆವಿವೇಟ್ ಪ್ರಶಸ್ತಿಯನ್ನು ಪಡೆದನು. 1959ರಲ್ಲಿ ಅವನನ್ನು ಮೂರನೆಯ ಸುತ್ತಿನಲ್ಲಿ ಏಳು ಸಲ ನೆಲಕ್ಕೆ ಕೆಡವಿ ಕಿರೀಟವನ್ನು ಕಿತ್ತುಕೊಂಡವನು ಮತ್ತಾರೂ ಅಲ್ಲ, ಹೇಡಿಯೆನಿಸಿಕೊಂಡು ಹೊರಬಿದ್ದಿದ್ದ ಜೋಹಾನ್ಸನ್!

ಆಯ್ಕೆಯ ಪಂದ್ಯಗಳ ಕಥೆಯೂ ಇಂತಹುದೇ. 1964ರ ಅಮೆರಿಕದ ಆಯ್ಕೆಯಲ್ಲಿ ಬಸ್ಟರ್ ಮ್ಯಾಥಿಸ್ ಎಂಬವನು ಜೋ ಫ್ರೇಜಿಯರನನ್ನು ಸೋಲಿಸಿದನು. ಮ್ಯಾಥಿಸನ ಕೈಗೆ ಪೆಟ್ಟಾದುದರಿಂದಲೇ ಬದಲಿಯಾಗಿದ್ದ ಫ್ರೇಜಿಯರ್ ಟೋಕಿಯೊಗೆ ಹೋದನು. ಮುರಿದ ಹೆಬ್ಬೆರಳಿನಿಂದಲೇ ಚಿನ್ನ ಗೆದ್ದನು. 1968ರಲ್ಲಿ ಅವರಿಬ್ಬರೂ ವೃತ್ತಿಪರರಾಗಿ ಎದುರಾದಾಗ ಹನ್ನೊಂದನೆಯ ಸುತ್ತಿನಲ್ಲಿ ಬಿದ್ದವನು ಮ್ಯಾಥಿಸ್. 1984ರಲ್ಲಿ ಹೆನ್ರಿ ಟಿಲ್‌ಮನ್ ಹದಿಹರೆಯದ ಮೈಕ್ ಟೈಸನನನ್ನು ಎರಡು ಸಲ ಸೋಲಿಸಿ ಒಲಿಂಪಿಕ್ಕಿಗೆ ಹೋಗಿ ಚಿನ್ನ ತಂದನು. ಮನೆಯಲ್ಲಿ ಉಳಿದ ಟೈಸನ್ 1986ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ವಿಶ್ವವಿಜೇತನಾದನು. 1990ರಲ್ಲಿ ಟಿಲ್‌ಮನ್ನನನ್ನು ಮೊದಲ ಸುತ್ತಿನಲ್ಲಿಯೇ ಮಲಗಿಸಿದನು.

ಇದಕ್ಕೆ ಕಾರಣವೇನು? ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು. ಅಲ್ಲಿ ತಲೆಯಿಂದ ರಕ್ತ ಒಸರಿದೊಡನೆ ಕಾಳಗ ಮುಗಿಯುತ್ತದೆ. ಆದುದರಿಂದ ಮೊದಲ ಪೆಟ್ಟಿನ ಚುರುಕಿಗೇ ಬೆಲೆ. ಹವ್ಯಾಸಿ ಬಾಕ್ಸಿಂಗಿನದು ಬಹುಮಟ್ಟಿಗೆ ಮೂರೇ ಸುತ್ತುಗಳ ಆಟ. ಚೊಕ್ಕವಾಗಿ ತಗಲಿಸಿದ ಪೆಟ್ಟುಗಳಿಗೆ ಅಂಕ. ವೃತ್ತಿಪರರ ಪ್ರಶಸ್ತಿಪಂದ್ಯವೋ ಹಿಂದೆ ಹದಿನೈದು ಸುತ್ತು, 1980ರ ದಶಕದಿಂದ ಹನ್ನೆರಡು. ಒಂಬತ್ತು ನಿಮಿಷಗಳಲ್ಲಿ ಕಾಣದ ಗುಣಗಳು, ಪೆಟ್ಟು ತಿಂದೂ ನಿಲ್ಲುವ ಶಕ್ತಿ, ದಣಿದ ಮೇಲೂ ಉಳಿಯುವ ಬುದ್ಧಿ, ಅರ್ಧಗಂಟೆಯ ಬಳಿಕ ಹೊರಬೀಳುತ್ತವೆ.

ಹಾಗಾದರೆ ಪದಕಕ್ಕೆ ಅರ್ಥವೇ ಇಲ್ಲವೆ? ಉಂಟು. ಅದು ಬಾಗಿಲನ್ನು ತೆರೆಸುತ್ತದೆ. 1956ರಲ್ಲಿ ಚಿನ್ನ ಗೆದ್ದ ಪೀಟ್ ರಾಡೆಮೇಕರನಿಗೆ 1957ರಲ್ಲಿ ತನ್ನ ಮೊಟ್ಟಮೊದಲ ವೃತ್ತಿಪಂದ್ಯವೇ ಪ್ಯಾಟರ್‌ಸನ್ನನೊಡನೆ ವಿಶ್ವಪ್ರಶಸ್ತಿಗಾಗಿ ದೊರೆಯಿತು. ಆರನೆಯ ಸುತ್ತಿನಲ್ಲಿ ಸೋತನೆಂಬುದು ಬೇರೆ ಮಾತು. 1976ರ ವಿಜೇತ ಲಿಯಾನ್ ಸ್ಪಿಂಕ್ಸನಿಗೆ ಎಂಟನೆಯ ಪಂದ್ಯದಲ್ಲಿಯೇ ಅಲಿ ಎದುರಾಳಿ, ಅವನು ಗೆದ್ದೇಬಿಟ್ಟನು. ಪದಕವಿಲ್ಲದ ಹುಡುಗನಿಗೆ ಇಂತಹ ಅವಕಾಶವನ್ನು ಯಾರು ಕೊಟ್ಟಾರು? ಆದುದರಿಂದ ಪದಕವಂತರಲ್ಲಿ ವಿಶ್ವವಿಜೇತರು ಹೆಚ್ಚಾಗಿ ಕಂಡರೆ, ಅದರಲ್ಲಿ ಒಂದು ಪಾಲು ಸಾಮರ್ಥ್ಯದ್ದು, ಒಂದು ಪಾಲು ಅವಕಾಶದ್ದು ಎಂದೇ ನಾವು ತಿಳಿಯುತ್ತೇವೆ.

ಬಾಗಿಲೇ ಇಲ್ಲದವರ ಲೆಕ್ಕವನ್ನಂತೂ ಯಾರೂ ಹಿಡಿಯುವುದಿಲ್ಲ. ಕ್ಯೂಬಾದ ತಿಯೋಫಿಲೊ ಸ್ಟೀವನ್‌ಸನ್ 1972, 1976, 1980 ಈ ಮೂರು ಒಲಿಂಪಿಕ್ಕುಗಳಲ್ಲಿಯೂ ಹೆವಿವೇಟ್ ಚಿನ್ನ ಗೆದ್ದನು. ಅವನ ದೇಶದಲ್ಲಿ ವೃತ್ತಿಪರ ಬಾಕ್ಸಿಂಗ್ ನಿಷಿದ್ಧವಾಗಿದ್ದಿತು, ಅವನೂ ಅದನ್ನು ಬಯಸಿ ಹೋಗಲಿಲ್ಲ. ನಮ್ಮ ದೇಶದ ಕೌರ್ ಸಿಂಗರು ಸೈನಿಕರು. 1980ರಲ್ಲಿ ಅಲಿ ಭಾರತಕ್ಕೆ ಬಂದಾಗ ದೆಹಲಿಯಲ್ಲಿ ಅವನೊಡನೆ ಪ್ರದರ್ಶನ ಪಂದ್ಯದಲ್ಲಿ ಕೈಮಿಲಾಯಿಸಿದವರು. 1982ರ ಏಷ್ಯನ್ ಕ್ರೀಡೆಗಳಲ್ಲಿ ಹೆವಿವೇಟ್ ಚಿನ್ನ ಪಡೆದವರು. ಅವರು ವೃತ್ತಿಪರರ ಅಖಾಡಕ್ಕೆ ಇಳಿಯಲೇ ಇಲ್ಲ. 2023ರಲ್ಲಿ ತೀರಿಕೊಂಡ ಅವರನ್ನು 'ಹವ್ಯಾಸಿಯಾಗಿ ಗೆದ್ದು ಮುಂದೆ ಗೆಲ್ಲದವರು' ಎಂಬ ಪಟ್ಟಿಗೆ ಸೇರಿಸುವುದು ಅನ್ಯಾಯವಲ್ಲವೆ?

ಇತ್ತೀಚಿನ ಒಂದು ಪಂದ್ಯವನ್ನು ಹೇಳಿ ಮುಗಿಸುತ್ತೇವೆ. 2024ರ ಮೇ ತಿಂಗಳಲ್ಲಿ ರಿಯಾದಿನಲ್ಲಿ ಹೆವಿವೇಟಿನ ಏಕಚ್ಛತ್ರಕ್ಕಾಗಿ ಅಜೇಯರಿಬ್ಬರು ಹೋರಿದರು. ಒಬ್ಬನು ಯುಕ್ರೇನಿನ ಒಲೆಕ್ಸಾಂಡರ್ ಉಸಿಕ್, 2012ರ ಒಲಿಂಪಿಕ್ ಚಿನ್ನದವನು. ಇನ್ನೊಬ್ಬನು ಬ್ರಿಟನ್ನಿನ ಟೈಸನ್ ಫ್ಯೂರಿ, 2008ರ ಒಲಿಂಪಿಕ್ಕಿನ ಸ್ಥಾನವು ಡೇವಿಡ್ ಪ್ರೈಸ್ ಎಂಬವನ ಪಾಲಾಗಿ ಅಲ್ಲಿಗೆ ಹೋಗಲಾರದೆ ಉಳಿದವನು. ಹನ್ನೆರಡು ಸುತ್ತುಗಳೂ ನಡೆದವು. ಇಬ್ಬರು ತೀರ್ಪುಗಾರರು ಉಸಿಕನೇ ಗೆದ್ದನೆಂದರು. ಮೂರನೆಯವನು ಒಂದೇ ಅಂಕದಿಂದ ಫ್ಯೂರಿಯೆಂದನು.