ಓಡಿದರೆ ಹಕ್ಕಿಯೂ ಇಲ್ಲ, ಚಿತ್ರವೂ ಇಲ್ಲ

ಚಳಿಗಾಲದಲ್ಲಿ ತಾವರಗೇರಾ, ಕುಷ್ಟಗಿ ಸೀಮೆಯ ಬಿಳಿಜೋಳದ ಹೊಲಗಳತ್ತ ಕ್ಯಾಮೆರಾ ಹೊತ್ತು ಹೊರಟಿದ್ದೀರಾ? ಸಂತೋಷ. ಆದರೆ ತೆನೆಯ ಮೇಲೆ ಹಳದಿ ಎದೆಯ ಹಕ್ಕಿ ಕಂಡ ಕೂಡಲೇ ಗಾಡಿಯಿಂದ ಧುಮುಕಿ ಓಡಬೇಡಿ. ನಾನೂ ಹಾಗೆ ಓಡಿದವನೇ. ನನ್ನ ಬಳಿ ಬರೀ ತೆನೆಗಳ ಚಿತ್ರ ಬೇಕಾದಷ್ಟಿವೆ.

ಆ ಹಳದಿ ಎದೆಯವು ಬಂಟಿಂಗ್ ಎಂಬ ವಲಸೆ ಹಕ್ಕಿಗಳು. ಕರಿತಲೆಯ ಬಂಟಿಂಗ್ ಟರ್ಕಿ, ಇರಾನ್ ಕಡೆಯಿಂದ ಬರುವ ಹಕ್ಕಿ. ಕೆಂದಲೆಯದು ಮಧ್ಯ ಏಷ್ಯಾದ್ದು. ಬೇಸಿಗೆಯ ಹೊತ್ತಿಗೆ ಮತ್ತೆ ಅಷ್ಟೇ ದೂರ ಹಾರಬೇಕಾದ ಅವಕ್ಕೆ ಮೈಯಲ್ಲಿ ಕೊಬ್ಬು ಕೂಡಬೇಕು. ನೀವು ಎಬ್ಬಿಸಿದಷ್ಟೂ ಅವುಗಳ ಬುತ್ತಿ ಕರಗುತ್ತದೆ. ಎಂಜಿನ್ ಆರಿಸಿ, ಗಾಡಿಯೊಳಗೇ ಕೂತು, ಕಿಟಕಿಯ ಮೇಲೆ ಲೆನ್ಸ್ ಊರಿ. ಬೆಳಗಿನ ಬಿಸಿಲು ನಿಮ್ಮ ಬೆನ್ನಿಗಿರಲಿ. ಹಾರಿದ ಹಿಂಡು ಎಷ್ಟೋ ಸಲ ಅದೇ ಹೊಲಕ್ಕೆ ಇಳಿಯುತ್ತದೆ, ಕಾಯಿರಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಾಳಿಯಂತೂ ಬೇಡವೇ ಬೇಡ.

ಇನ್ನೊಂದು ಮಾತು. ಗಂಡುಗಳನ್ನು ತಲೆ ನೋಡಿ ಹೇಳಬಹುದು. ಮಾಸಲು ಬಣ್ಣದ ಹೆಣ್ಣುಗಳು ಪಳಗಿದವರನ್ನೂ ಏಮಾರಿಸುತ್ತವೆ. ಒಂದೇ ಚಿತ್ರ ತೆಗೆದು 'ಅಪರೂಪದ್ದು ಸಿಕ್ಕಿತು' ಎಂದು ಸಾರಬೇಡಿ. ಬೆನ್ನು, ಬಾಲದ ಬುಡ, ಕೊಕ್ಕು ಕಾಣುವಂತೆ ನಾಲ್ಕಾರು ತೆಗೆಯಿರಿ. ಗುರುತು ಹತ್ತದಿದ್ದರೆ 'ಬಂಟಿಂಗ್' ಎಂದಷ್ಟೇ ಬರೆದುಕೊಂಡರೆ ಮಾನವೇನೂ ಹೋಗದು.

ಹೊಲ ಯಾರದೋ, ಬದುವಿನಲ್ಲೇ ನಿಲ್ಲಿ. ನಿಮಗೆ ಅತಿಥಿಯಾದ ಹಕ್ಕಿ ಅಟ್ಟಣಿಗೆಯ ಮೇಲೆ ಕವಣೆ ಹಿಡಿದ ರೈತನಿಗೆ ಕಾಳು ತಿನ್ನುವ ಕಾಟ. ಮೊದಲು ಅವರನ್ನು ಮಾತಾಡಿಸಿ. ಹಿಂಡು ಸಂಜೆ ಯಾವ ಜಾಲಿಗಿಡಕ್ಕೆ ಹೋಗಿ ಕೂರುತ್ತದೆಂದು ಅವರಿಗೇ ಗೊತ್ತಿರುತ್ತದೆ.